ಬದುಕಿರುವವರ ಮೇಣದಬತ್ತಿ

ಅರ್ಧ ಮುಖದ ಗಡ್ಡ ಹೆರೆದು ಮುಗಿಸಿದ್ದ ಲಿಬೋರಿಯೊ, ಉಳಿದರ್ಧ ನೊರೆಯಲ್ಲಿರುವಂತೆಯೇ ಗಂಟಲು ಸರಿಮಾಡಿಕೊಂಡು ಕನ್ನಡಿಗೆ ಹೇಳಿದ: "ಈ ಆಕ್ರಮಣದ ಬಗ್ಗೆ ನಾವು ಆಳವಾದ ಕಳವಳವನ್ನು ವ್ಯಕ್ತಪಡಿಸುತ್ತೇವೆ." ಚೆನ್ನಾಗಿಯೇ ಬಂತು. ಇದು ಬೆಲ್ಜಿಯಮ್ಮಿನ ಆ ಮುದುಕ ಸಂಸದನ ದನಿ. ಮೂಗಿನಲ್ಲಿ ಹುಟ್ಟಿ ಕರವಸ್ತ್ರದಲ್ಲಿ ಮುಗಿಯುವಂಥದು. ಆಮೇಲೆ ಆಸ್ಟ್ರೇಲಿಯಾದವನನ್ನು ಮಾಡಿದ: ಬಲಗೈ ಎದೆಯ ಮೇಲೆ, ಕಣ್ಣು ಎಡಗೈ ಗಡಿಯಾರದ ಮೇಲೆ. ಆಮೇಲೆ ವಿಶ್ವಸಂಸ್ಥೆಯ ಆಸಾಮಿ: ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ಒಂದು ಹಳ್ಳಿ ಸುಟ್ಟು ಬೂದಿಯಾಗಿ ಆರಿರುತ್ತಿತ್ತು. ಇಪ್ಪತ್ತೈದು ವರ್ಷ ಲಿಸ್ಬನ್ನಿನಲ್ಲಿ ಕೂತು ಜಕಾರ್ತದ ದಂಡು ನುಗ್ಗಿದ್ದ ತನ್ನ ಪುಟ್ಟ ದ್ವೀಪದೇಶದ ಪರವಾಗಿ ಇಂಥವರ ಮುಂದೆ ಟೊಪ್ಪಿ ಹಿಡಿದವನಿಗೆ ಮಿಕ್ಕ ಆಸ್ತಿ ಇಷ್ಟೇ, ಏಳು ನಮೂನೆಯ ಕಳವಳ. ಈಗ ದಿಲಿ ಪಟ್ಟಣದ ಬೆಕೋರಾ ಕೇರಿಯ ಮದುವೆಗಳಲ್ಲಿ ಊಟ ಮುಗಿದು ಹಾಡು ಶುರುವಾಗುವ ಮೊದಲು ಯಾರಾದರೂ ಕೂಗಿಯೇ ಕೂಗುತ್ತಾರೆ: "ತಿಯು ಲಿಬೋರಿಯೊ, ಸ್ವಲ್ಪ ಕಳವಳ ಆಗ್ಲಿ!" ಈ ಮಾವಯ್ಯನೂ ಎದ್ದು ನಿಂತು ಕಳವಳಗೊಳ್ಳುತ್ತಾನೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇವತ್ತು ಸಂಜೆ ಐದಕ್ಕೆ ಮಾತ್ರ ನಗಿಸುವಂತಿಲ್ಲ. ಇವತ್ತು ತನ್ನ ಸ್ವಂತ ದನಿಯಲ್ಲಿ ಮಾತಾಡಬೇಕು. ಕನ್ನಡಿಯ ಮುಂದೆ ಆ ದನಿಯನ್ನು ಹುಡುಕಿದ. ದಾಸ್ತಾನಿನಲ್ಲಿ ಅದೊಂದು ಇರಲಿಲ್ಲ. ಅಷ್ಟರಲ್ಲಿ ನಲ್ಲಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಬಕೆಟ್ಟೂ ಖಾಲಿ. ನೊರೆಯನ್ನು ಟವೆಲ್ಲಿನಿಂದ ಒರೆಸಿಕೊಂಡು ನೋಡಿದರೆ ಬಲಗೆನ್ನೆ ಲಿಸ್ಬನ್ನಿನದು, ಎಡಗೆನ್ನೆ ಕಾಡಿನದು.

ಬೆಳಗ್ಗೆ ಏಳಕ್ಕೆ ಬಂದಿದ್ದರು ಇಬ್ಬರು, ಕೇರಿಯ ಮುಖ್ಯಸ್ಥ ನತಾಲಿನೊ ಮತ್ತು ಒಲಾಂದಿನಾ. ನತಾಲಿನೊನ ಕಂಕುಳಲ್ಲಿ ರಿಜಿಸ್ಟರು, ಜೇಬಿನಲ್ಲಿ ಸೀಲು. ಸೀಲಿಲ್ಲದೆ ಅವನು ಕಕ್ಕಸಿಗೂ ಹೋಗುವುದಿಲ್ಲವೆಂದು ಒಲಾಂದಿನಾಳೇ ಹೇಳುತ್ತಿದ್ದಳು. ಎಪ್ಪತ್ತೆರಡು ವರ್ಷದ ಒಲಾಂದಿನಾ ಕೇರಿಗೆಲ್ಲ ತಿಯಾ, ಅತ್ತೆಯಂಥವಳು. ಸಾವಿನ ಮನೆಯ ಅಡುಗೆ, ಅಳು, ಕುರ್ಚಿ ಮೂರಕ್ಕೂ ಅವಳದೇ ಯಜಮಾನಿಕೆ. ಬಂದವಳೇ, "ನೀರಿನ ಮಾನಾಳ ತಾಯಿ ತೀರ್ಕೊಂಡ್ರು," ಅಂದಳು.

ನೀರಿನ ಮಾನಾ ಎಂದರೆ ಓರಿಸ್ಯಾ, ನೀರಿನಕ್ಕ. ಯುಕ್ರೇನಿನಿಂದ ಬಂದು ಮೂರು ವರ್ಷದಿಂದ ಇದೇ ಬೀದಿಯ ತುದಿಯ ಮನೆಯಲ್ಲಿದ್ದವಳು. ಕೇರಿಯ ಬಾವಿಗಳ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಬಣ್ಣ ಬರಿಸಿ, "ಕುದಿಸದೆ ಕುಡಿದರೆ ನೀವೆಲ್ಲ ಸಾಯ್ತೀರಿ" ಎಂದು ಮನೆಮನೆಗೂ ಬೈದು ಹೋಗುವುದು ಅವಳ ಕೆಲಸ. ಬೈಯುವವಳ ಮೇಲೆ ಕೇರಿಗೆ ಬಹಳ ಪ್ರೀತಿ.

"ಯಾರು ಹೇಳಿದ್ರು ತಿಯಾ?" ಎಂದಿದ್ದ ಲಿಬೋರಿಯೊ.

"ಹೇಳೋದೇನು, ಕಣ್ಣಿಲ್ವಾ? ಜಗಲಿ ಮೇಲೆ ತಾಯಿ ಫೋಟೋ ಇಟ್ಟವ್ಳೆ. ಮುಂದೆ ಮೇಣದಬತ್ತಿ ಉರೀತಾ ಇದೆ. ಮೂರು ದಿನದಿಂದ ಕರೀ ಬಟ್ಟೆ. ಅಲ್ಲಿ ದಂಡು ಬಂದು ಊರು ಮುತ್ಕೊಂಡಿದೆ ಅಂತ ಟೀವೀಲಿ ದಿನಾ ತೋರಿಸ್ತಾವ್ರೆ. ಇನ್ನೇನು, ಸತ್ತೋರು ಬಂದು ಹೇಳ್ಬೇಕಾ? ಪಾಪ, ಹೇಳ್ಕೊಳ್ಳೋಕೂ ಯಾರಿಲ್ಲ. ಡೇರೆ ಹಾಕೋಣ. ಕುರ್ಚಿ ಚರ್ಚಿಂದ ತರಿಸ್ತೀನಿ. ಹಂದಿ ನಂದು."

"ಮಾತು ನಿಮ್ಮದು ಮಾವುನ್," ಎಂದ ನತಾಲಿನೊ. ಅವನಿಗೆ ಲಿಬೋರಿಯೊ ಅಣ್ಣ. "ಹೊರಗಿನೋರು ಇಂಥಾದ್ದಕ್ಕೆ ಹೆಂಗೆ ಮಾತಾಡ್ತಾರೆ ಅಂತ ನಿಮ್ಮಷ್ಟು ಯಾರಿಗೆ ಗೊತ್ತು? ಕೇರಿ ಕಡೆಯಿಂದ ಒಂದು ಠರಾವೂ ಮಾಡೋಣ. ಸೀಲು ಹೊಡೀತೀನಿ."

ಆಗಲೇ ಹೇಳಬೇಕಿತ್ತು. ಮೂರೇ ಮಾತು: 'ಅವಳ ತಾಯಿ ಸತ್ತಿಲ್ಲ.' ಲಿಬೋರಿಯೊನಿಗೆ ಗೊತ್ತಿತ್ತು. ನಿನ್ನೆ ಸಂಜೆ ಬಾವಿಕಟ್ಟೆಯಲ್ಲಿ ಓರಿಸ್ಯಾಳೇ ಹೇಳಿದ್ದಳು. ಅವಳ ತೇತುಂ ಭಾಷೆ ಮೂರು ಕಾಲಿನ ಕುರ್ಚಿಯ ಹಾಗೆ, ಕೂರಬಹುದು, ಒರಗಬಾರದು. "ನನ್ನ ಅಮ್ಮ ಕೆಳಮನೆ. ನೆಲದ ಒಳಗೆ ಮನೆ. ಒಂಬತ್ತು ದಿವಸ ಫೋನ್ ಇಲ್ಲ. ಪಕ್ಕದ ಮನೆ ಹೆಂಗಸು ಹೊರಗೆ ಬಂದಳು, ಹೇಳಿದಳು, ಮೊತ್ರೊನಾ ಇದ್ದಾಳೆ, ಬದುಕಿ ಇದ್ದಾಳೆ, ನಡೆಯೋಕೆ ಆಗೋದಿಲ್ಲ. ಬಸ್ಸು ಬರುತ್ತೆ ಅಂತೆ, ಹೊರಗೆ ಕರೆದುಕೊಂಡು ಹೋಗೋಕೆ. ಬಸ್ಸಿಗೆ ಪಟ್ಟಿ ಇದೆ. ಪಟ್ಟಿ ಲಿಸ್ಬನ್ನಿನ ಒಂದು ಸಂಸ್ಥೆಯ ಕೈಯಲ್ಲೂ ಇದೆ. ಮಾವುನ್, ನಿಮಗೆ ಲಿಸ್ಬನ್ನಿನಲ್ಲಿ ಜನ ಗೊತ್ತಲ್ಲ?" ಎಂದು ಸಂಸ್ಥೆಯ ಹೆಸರು ತೋರಿಸಿದ್ದಳು. ಹೆಸರಿನ ಕೆಳಗೆ ಮುಖ್ಯಸ್ಥೆಯ ಫೋಟೋ. ಬೆಳ್ಳಿಕೂದಲು, ಅಗಲ ಹಣೆ, ಒಂದು ಹುಬ್ಬು ಸದಾ ಮೇಲೆ. ಇಸಾಲ್ತಿನಾ. ಲಿಬೋರಿಯೊ ಆ ಫೋಟೋವನ್ನು ನೋಡಿದ. ಫೋಟೋ ಅವನನ್ನು ನೋಡಿತು. "ನೋಡೋಣ," ಅಂದಿದ್ದ. ಅಂದ ಮರುಕ್ಷಣವೇ ಹೊಳೆದಿತ್ತು, ಇದು ಯಾರ ದನಿಯೆಂದು. ಅವನು ಮದುವೆಗಳಲ್ಲಿ ಮಾಡಿ ತೋರಿಸುವ ಏಳರಲ್ಲಿ ಇದು ಆರನೆಯದು, ಡಚ್ ಅಧಿಕಾರಿಯದು. ಆ ಮನುಷ್ಯ 'ನೋಡೋಣ' ಅನ್ನುವಾಗ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ.

ಇಸಾಲ್ತಿನಾಳಿಗೆ ಫೋನು ಮಾಡುವುದು ಕಷ್ಟದ ಕೆಲಸವೇನಲ್ಲ. ನಂಬರಿತ್ತು. ಪ್ರತಿ ಹೊಸವರ್ಷಕ್ಕೂ ಅವಳಿಂದ ಸಂದೇಶ ಬರುತ್ತಿತ್ತು. ಕೊನೆಯ ಸಾಲು ಪ್ರತಿ ಸಲವೂ ಒಂದೇ: 'ನಿನ್ನ ತಾಯಿಯ ಆತ್ಮ ಶಾಂತವಾಗಿರಲಿ.' ಅದೊಂದು ಸಾಲಿನ ದೆಸೆಯಿಂದ ಇಪ್ಪತ್ತೆರಡು ವರ್ಷ ಅವನು ಉತ್ತರ ಬರೆದಿರಲಿಲ್ಲ. ಮೊದಲ ಒಂಬತ್ತು ವರ್ಷ ತಾಯಿ ಪಕ್ಕದ ಕೋಣೆಯಲ್ಲಿ ಎಲೆಯಡಿಕೆ ಜಗಿಯುತ್ತ, ಟೀವಿಯ ದನಿ ಜಾಸ್ತಿಮಾಡು ಅನ್ನುತ್ತ ಕೂತಿದ್ದಳು. ಆತ್ಮ ಅಷ್ಟೇನೂ ಶಾಂತವಾಗಿರಲಿಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಅವಳು ನಿಜವಾಗಿಯೂ ತೀರಿಕೊಂಡಳು. ಸಂದೇಶದ ಸಾಲು ಕೊನೆಗೂ ಸತ್ಯವಾಯಿತು, ಉತ್ತರ ಬರೆಯಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಉತ್ತರಿಸದೆ ಇರುವುದೇ ಅಭ್ಯಾಸವಾಗಿತ್ತು.

ಜಕಾರ್ತದ ದಂಡು ದಿಲಿಯ ದಂಡೆಗೆ ಇಳಿಯುವ ನಾಲ್ಕು ತಿಂಗಳ ಮೊದಲು, ಹತ್ತೊಂಬತ್ತರ ಹರೆಯದಲ್ಲಿ, ಲಿಬೋರಿಯೊ ಓದಲೆಂದು ಲಿಸ್ಬನ್ನಿಗೆ ಹೋದವನು. ಓದಿದ್ದು ಕಡಿಮೆ, ಓದಿ ಹೇಳಿದ್ದು ಹೆಚ್ಚು. ಮನವಿಪತ್ರ, ಅಹವಾಲು, ಸತ್ತವರ ಪಟ್ಟಿ. ಬೆಂಬಲದ ಸಭೆಗಳಲ್ಲಿ ಅವನ ಸರದಿ ಯಾವಾಗಲೂ ಚಿಲಿಯ ಹಾಡುಗಾರರ ನಂತರ, ಕಾಫಿಗಿಂತ ಮೊದಲು, ಮೂರು ನಿಮಿಷ. ಮೂರನೆಯ ನಿಮಿಷದಲ್ಲಿ ಕಪ್ಪುಗಳ ಸದ್ದು ಕೇಳಿಸತೊಡಗುತ್ತಿತ್ತು. ತಾಯಿ ಬೆಟ್ಟ ಹತ್ತಿದಳೆಂದು ಮೊದಲು ಸುದ್ದಿ ಬಂತು, ಬೆಟ್ಟದಲ್ಲಿ ಹಸಿವಿಗೆ ಜನ ಸಾಯುತ್ತಿದ್ದಾರೆಂದು ಆಮೇಲೆ, ಅವಳ ಹೆಸರೂ ಸತ್ತವರ ಪಟ್ಟಿಯಲ್ಲಿ ಇದೆಯೆಂದು ಕೊನೆಗೆ. ಅವನಿಗೂ ಅಳು ಬಂತು, ಸುಳ್ಳಲ್ಲ. ಆದರೆ ಅದರ ನಂತರದ ಸಭೆಯಲ್ಲಿ, ತಾಯಿಯನ್ನು ಕಳೆದುಕೊಂಡವನೆಂದು ಪರಿಚಯಿಸಿದ ಮೇಲೆ, ಕಪ್ಪುಗಳು ಸದ್ದು ಮಾಡಲಿಲ್ಲ. ಹನ್ನೊಂದು ನಿಮಿಷ ಕೊಟ್ಟರು. ಹಿಂದಿನ ಸಾಲಿನ ಹೆಂಗಸೊಬ್ಬಳು ಎದ್ದು ಬಂದು ಅವನ ಕೈ ಹಿಡಿದು ಅತ್ತಳು. ಅವಳೇ ಇಸಾಲ್ತಿನಾ. ಎಂಬತ್ತೇಳರಲ್ಲಿ ಅವಳೇ ಓಡಾಡಿ ತಾಯಿಯ ಹೆಸರಿನಲ್ಲಿ ದೊಡ್ಡ ಪೂಜೆ ಏರ್ಪಡಿಸಿದಳು: ಮುನ್ನೂರು ಜನ, ಗಾಯನ ತಂಡ, ಟೀವಿ. ಪೂಜೆಗೆ ಮೂರು ದಿನ ಮುಂಚೆ ಒಬ್ಬ ಪಾದ್ರಿಯ ಕೈಯಿಂದ ಬೆರಳಗಲದ ಚೀಟಿ ಬಂತು. 'ನಿನ್ನ ತಾಯಿ ಐನಾರೊದಲ್ಲಿದ್ದಾಳೆ. ಜೋಳ ಕುಟ್ಟಿ ಬದುಕುತ್ತಿದ್ದಾಳೆ. ಮಗನ ಹಲ್ಲುನೋವು ವಾಸಿಯಾಯಿತೇ ಎಂದು ಕೇಳಿದಳು.' ಲಿಬೋರಿಯೊ ಅದನ್ನು ನಾಲ್ಕು ಮಡಿಕೆ ಮಡಚಿ ಕೋಟಿನ ಒಳಜೇಬಿನಲ್ಲಿಟ್ಟ. ಪೂಜೆ ನಡೆಯಿತು. ಟೀವಿಯ ದೀಪದ ಕೆಳಗೆ ಎದೆಯ ಮೇಲೆ ಕೈಯಿಟ್ಟಾಗಲೆಲ್ಲ ಚೀಟಿ ಚುಚ್ಚುತ್ತಿತ್ತು. ಅವನು ಮುಖ ಕಿವಿಚಿದಾಗಲೆಲ್ಲ ಕ್ಯಾಮೆರಾ ಹತ್ತಿರ ಬರುತ್ತಿತ್ತು. ದೇಶದ ಒಳಿತಿಗಾಗಿ ಎಂದು ಸಮಾಧಾನ ಮಾಡಿಕೊಂಡ. ಬದುಕಿರುವ ತಾಯಿಗೆ ಮೂರು ನಿಮಿಷ, ಸತ್ತ ತಾಯಿಗೆ ಹನ್ನೊಂದು. ಲೆಕ್ಕ ಅವನದಲ್ಲ, ಲೋಕದ್ದು. ಹಾಗೆ ಅಂದುಕೊಂಡೇ ಮುಂದಿನ ಹನ್ನೆರಡು ವರ್ಷ ತಬ್ಬಲಿಯಾಗಿ ಊರೂರು ತಿರುಗಿದ. ಹಲ್ಲುನೋವು ಮಾತ್ರ ವಾಸಿಯಾಗಿರಲಿಲ್ಲ.

ದಂಡು ವಾಪಸಾದ ಮೇಲೆ, ಎರಡು ಸಾವಿರದಲ್ಲಿ ಊರಿಗೆ ಮರಳಿದಾಗ ತಾಯಿಗೆ ಎಲ್ಲ ಹೇಳಿದ. ಬೈಯುತ್ತಾಳೆ, ಬೈಸಿಕೊಂಡು ಹಗುರಾಗೋಣ ಎಂದಿದ್ದ. ಅವಳು ಎಲೆಗೆ ಸುಣ್ಣ ಸವರುತ್ತ ಆಸೆಯಿಂದ ಕೇಳಿದ್ದು ಒಂದೇ: "ಚೆನ್ನಾಗಿ ಅತ್ರಾ?"

"ಮುನ್ನೂರು ಜನ ಅಮ್ಮ."

"ಬಿಳೀ ಜನಾನೂ?"

"ಬಿಳೀ ಜನಾನೇ ಜಾಸ್ತಿ. ಐದು ಖಂಡದಿಂದ ಖಂಡನೆ ಬಂದಿತ್ತು."

"ಐದು ಖಂಡದಿಂದ ಖಂಡನೆ," ಎಂದು ಅವಳು ಆ ಮಾತನ್ನು ಎಲೆಯ ಜೊತೆಗೆ ಜಗಿದಳು. "ಒಂದು ಖಂಡುಗ ಜೋಳ ಬಂದಿದ್ರೆ ನಿನ್ನ ತಂಗಿ ಉಳೀತಿದ್ಲು." ಅಷ್ಟು ಹೇಳಿ ಪಿಚಕ್ಕನೆ ಉಗುಳಿ, ಟೀವಿಯ ದನಿ ಜಾಸ್ತಿಮಾಡು ಅಂದಳು.

ನಾಲ್ಕೂವರೆಗೆ ಲಿಬೋರಿಯೊ ಬೀದಿಯ ತುದಿಗೆ ಹೋದಾಗ ಓರಿಸ್ಯಾಳ ಅಂಗಳ ಆಗಲೇ ಪಕ್ಕಾ ಸಾವಿನ ಮನೆಯಾಗಿತ್ತು. ನೀಲಿ ಟಾರ್ಪಾಲು, ಚರ್ಚಿನ ಹೆಸರು ಬರೆದ ಪ್ಲಾಸ್ಟಿಕ್ ಕುರ್ಚಿ, ಮೂರು ಕಲ್ಲಿನ ಒಲೆಯ ಮೇಲೆ ಅನ್ನದ ಹಂಡೆ, ನುಗ್ಗೆಮರಕ್ಕೆ ಕಟ್ಟಿದ ಹಂದಿ. ಹೆಂಗಸರು ಹೂವಿನ ಬುಟ್ಟಿ ಹಿಡಿದು ಸಾಲಾಗಿ ಬಂದು ಜಗಲಿಯ ಮೇಲಿನ ಫೋಟೋಗೆ ಮುಟ್ಟಿಸಿ, ಒಂದು ಅಳತೆ ಅತ್ತು, ಮೂಗೊರೆಸಿಕೊಂಡು ಸೌತೆಕಾಯಿ ಹೆಚ್ಚಲು ಕೂತರು. ಫೋಟೋದಲ್ಲಿ ತಲೆಗೆ ಬಟ್ಟೆ ಕಟ್ಟಿದ ದಪ್ಪ ಮುದುಕಿ ಒಂದು ಕುಂಬಳಕಾಯಿಯನ್ನು ಮೊಮ್ಮಗುವಿನಂತೆ ಎತ್ತಿಕೊಂಡು ನಗುತ್ತಿದ್ದಳು. ಮನೆಯವಳು ಮನೆಯಲ್ಲಿರಲಿಲ್ಲ. ಬೆಳಗ್ಗೆಯೇ ಲ್ಯಾಪ್‌ಟಾಪು ಎತ್ತಿಕೊಂಡು ಕಚೇರಿಗೆ ಹೋದಳಂತೆ, ಅಲ್ಲಿ ಇಂಟರ್ನೆಟ್ಟು ಗಟ್ಟಿ. ದುಃಖವನ್ನು ಮರೆಯೋಕೆ ಹೋಗವ್ಳೆ ಎಂದು ಒಲಾಂದಿನಾ ತೀರ್ಪು ಕೊಟ್ಟಿದ್ದಳು. ಲಿಬೋರಿಯೊನ ಮುಖ ಕಂಡದ್ದೇ ಅವಳ ಕೈಯ ಚಾಕು ನಿಂತಿತು.

"ಇದೇನಿದು ಗಡ್ಡ? ಸಾವಿನ ಮನೆಗೆ ಬರೋರು ಪೂರಾ ಬಿಡ್ತಾರೆ, ಇಲ್ಲ ಪೂರಾ ಬೋಳಿಸ್ತಾರೆ. ಅರ್ಧ ಸೂತಕ ಅಂತ ಲಿಸ್ಬನ್ನಲ್ಲಿ ಉಂಟಾ?"

"ನಲ್ಲಿ ನಿಂತೋಯ್ತು ತಿಯಾ."

"ನಿಂತಿದ್ದು ನಲ್ಲಿ. ನಿನಗೇನಾಗಿತ್ತು?"

ನತಾಲಿನೊ ಡೇರೆಯ ನಡುವೆ ಮೇಜು ಹಾಕಿಕೊಂಡು ಠರಾವಿನ ಒಂದನೆಯ ಸಾಲಿನಲ್ಲೇ ಮುಕ್ಕಾಲು ಗಂಟೆಯಿಂದ ಸಿಕ್ಕಿಕೊಂಡಿದ್ದ. "'ಖಂಡಿಸುತ್ತೇವೆ' ಅಂತ ಬರೀಲಾ, 'ವಿಷಾದಿಸುತ್ತೇವೆ' ಅಂತ ಬರೀಲಾ ಮಾವುನ್? ಇಲ್ಲಿ ಎರಡು ಗುಂಪಾಗಿದೆ. ಖಂಡಿಸಿದ್ರೆ ರಷ್ಯಾದೋರು ನಮ್ಮ ಕೇರಿ ಮೇಲೆ ಸಿಟ್ಟಾಗಲ್ವಾ ಅಂತ ಇವರು."

"ರಷ್ಯಾದೋರಿಗೆ ನಮ್ಮ ಕೇರಿ ಎಲ್ಲಿದೆ ಅಂತ ಗೊತ್ತಾಗೋದಿರ್ಲಿ," ಎಂದಿತು ಹಿಂದಿನ ಕುರ್ಚಿಯೊಂದು, "ನೀರು ಬಿಡೋರಿಗೇ ಗೊತ್ತಿಲ್ಲ."

"ನಮ್ಮಂಥ ಚಿಕ್ಕೋರು ಏನಾದ್ರೂ ಹೇಳಿದ್ರೆ ಯಾರು ಕೇಳ್ತಾರೆ?" ಎಂದಿತು ಇನ್ನೊಂದು.

"ಕೇಳಲ್ಲ ಅಂತ ಹೇಳೋದು ಬಿಟ್ಟಿದ್ರೆ ಇವತ್ತೂ ನೀನು ಜಕಾರ್ತಕ್ಕೇ ಸಲಾಮು ಹೊಡೀತಿದ್ದೆ," ಎಂದಳು ಒಲಾಂದಿನಾ, ಸೌತೆಕಾಯಿಯಿಂದ ತಲೆಯೆತ್ತದೆ. ಬೆಟ್ಟದಲ್ಲಿ ಲಿಬೋರಿಯೊನ ತಾಯಿಯ ಜೊತೆ ಮೂರು ವರ್ಷ ಬೇರು ಅಗೆದು ತಿಂದವಳು ಅವಳು. "ಹೇಳ್ಬೇಕು. ಜೋರಾಗೇ ಹೇಳ್ಬೇಕು. ಅಳೋರೂ ಅಳ್ಲಿ, ಬೇಡ ಅಂದವರ್ಯಾರು? ಒಂದು ಕೈಲಿ ಕಣ್ಣೊರೆಸ್ಕೊಳ್ಲಿ, ಇನ್ನೊಂದು ಕೈಲಿ ಜೋಳ ಕೊಡ್ಲಿ. ದೇವ್ರು ಎರಡು ಕೈ ಕೊಟ್ಟಿರೋದು ಚಪ್ಪಾಳೆಗಾ?"

ಎಲ್ಲರೂ ಲಿಬೋರಿಯೊನನ್ನು ನೋಡಿದರು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಯಾರೋ ಮೆಲ್ಲಗೆ ನಕ್ಕರು. ವಿಶ್ವಸಂಸ್ಥೆಯ ಆಸಾಮಿಯನ್ನು ಮಾಡುತ್ತಿದ್ದಾನೆಂದುಕೊಂಡಿರಬೇಕು. ಅವನು ಯಾರನ್ನೂ ಮಾಡುತ್ತಿರಲಿಲ್ಲ. ಬೆವರಿಗೆ ಗಾಜು ಮಸುಕಾಗಿತ್ತು, ಅಷ್ಟೇ. ಆದರೆ ಒರೆಸುತ್ತ ಒರೆಸುತ್ತ ಆ ಬೆರಳುಗಳ ಚಲನೆಯಲ್ಲಿ ಅವನಿಗೊಂದು ವಿಚಿತ್ರ ಸುಖ ಸಿಕ್ಕಿತು. ಒರೆಸುತ್ತಿರುವಷ್ಟು ಹೊತ್ತು ಮಾತಾಡಬೇಕಿಲ್ಲ. ಆ ಮನುಷ್ಯನೂ ಇದಕ್ಕೇ ಒರೆಸುತ್ತಿದ್ದನೇನೋ. ಆಸ್ಟ್ರೇಲಿಯಾದವನು ಗಡಿಯಾರ ನೋಡುತ್ತಿದ್ದುದು ಹೊತ್ತಾಯಿತೆಂದಲ್ಲವೇನೋ, ಎದುರಿಗಿದ್ದ ಕರಿಯ ಹುಡುಗನ ಕಣ್ಣು ತಪ್ಪಿಸಲು ಅವನ ಮೈಮೇಲೆ ಬೇರೆ ಯಾವ ಜಾಗವೂ ಇರಲಿಲ್ಲವೇನೋ. ಇಷ್ಟು ವರ್ಷ ಅವರನ್ನು ಆಡಿಕೊಂಡು ನಗಿಸಿದೆ ಅಂದುಕೊಂಡಿದ್ದ, ಅದು ತಾಲೀಮಾಗಿತ್ತು. ಈಗ ಎದ್ದು ಹೇಳಿಬಿಡಲೇ? ಹೇಳಿದರೆ, 'ನಿನಗೆ ಗೊತ್ತಿದ್ದೂ ಬೆಳಗ್ಗೆ ಯಾಕೆ ಸುಮ್ಮನಿದ್ದೆ?' ಅನ್ನುತ್ತಾರೆ. ಸುಮ್ಮನಿದ್ದರೆ ಐದಕ್ಕೆ ಭಾಷಣ. ಆ ಭಾಷಣ ಚೆನ್ನಾಗಿದೆ. ಅದರಲ್ಲೊಂದು ಕಡೆ, 'ಮಗಳೇ, ತಾಯಿ ಸತ್ತರೂ ತಾಯ್ನಾಡು ಸಾಯುವುದಿಲ್ಲ' ಎಂದು ಬರುತ್ತದೆ. ಎಂಬತ್ತೇಳರಲ್ಲಿ ಅದೇ ಸಾಲಿಗೆ ಮುನ್ನೂರು ಜನ ಕರವಸ್ತ್ರ ತೆಗೆದಿದ್ದರು. 'ಮಗನೇ' ಇದ್ದದ್ದು 'ಮಗಳೇ' ಆಗಿದೆ, ಮಿಕ್ಕದ್ದೆಲ್ಲ ಹಳೆಯದೇ.

ಓರಿಸ್ಯಾ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬೀದಿಯ ತಿರುವಿನಲ್ಲಿ ವ್ಯಾನಿನಿಂದಿಳಿದು, ತಲೆ ಬಗ್ಗಿಸಿಕೊಂಡು ನಡೆದು ಬಂದವಳು, ತನ್ನದೇ ಗೇಟಿನಲ್ಲಿ ನೀಲಿ ಟಾರ್ಪಾಲು ತಲೆಗೆ ತಗಲಿ ನಿಂತಳು. ಕುರ್ಚಿಗಳನ್ನು ನೋಡಿದಳು, ಹಂಡೆಯನ್ನು ನೋಡಿದಳು, ಹೂವನ್ನು ನೋಡಿದಳು. ಮೂರು ವರ್ಷ ಈ ಕೇರಿಯಲ್ಲಿದ್ದವಳಿಗೆ ಇದು ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹೆಂಗಸರು ಒಮ್ಮೆಗೇ ದನಿಯೆತ್ತಿ ಅತ್ತರು. ಅವಳ ಕೈಯಿಂದ ಲ್ಯಾಪ್‌ಟಾಪಿನ ಚೀಲ ಜಾರಿತು.

"ಯಾವಾಗ?" ಎಂದಳು. ಅಳುವಿನ ನಡುವೆ ಅದು ಲಿಬೋರಿಯೊನೊಬ್ಬನಿಗೇ ಕೇಳಿಸಿತು. "ಯಾರು ಫೋನ್ ಮಾಡಿದರು? ನನಗೆ ಮಾಡಲಿಲ್ಲ. ನಿಮಗೆ ಮಾಡಿದರಾ? ಯಾವಾಗ ಸತ್ತಳು ನನ್ನ ಅಮ್ಮ?"

ಅವಳಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಾಗಿದೆಯೆಂದು ಅವಳು ತಿಳಿದಿದ್ದಳು. ಒಲಾಂದಿನಾ ಅವಳನ್ನು ತಬ್ಬಿಕೊಳ್ಳಲು ಎರಡೂ ಕೈ ಚಾಚಿ ಬಂದಳು. ಓರಿಸ್ಯಾ ಹಿಂದೆ ಸರಿದಳು, ಆ ಕೈ ಮುಟ್ಟಿದರೆ ಸಾವು ಖಾಯಮ್ಮಾಗುತ್ತದೆ ಅನ್ನುವ ಹಾಗೆ. ಆ ಹಿಂದೆ ಸರಿದ ಎರಡು ಹೆಜ್ಜೆಗಳನ್ನು ನೋಡುತ್ತಿದ್ದ ಲಿಬೋರಿಯೊನ ಬಾಯಿಂದ ಒಂದು ದನಿ ಹೊರಟಿತು. ಕೀರಲು, ಒಡಕಲು, ಮೂಗಿನದೂ ಅಲ್ಲ, ಗಂಟಲಿನದೂ ಅಲ್ಲ. ಯಾರದೆಂದು ಅವನೇ ತಿರುಗಿ ನೋಡುವುದರಲ್ಲಿದ್ದ.

"ಸತ್ತಿಲ್ಲ! ಯಾರೂ ಸತ್ತಿಲ್ಲ! ಯಾವ ಫೋನೂ ಬಂದಿಲ್ಲ! ತಪ್ಪು ನಮ್ಮದು. ನಮ್ಮದಲ್ಲ, ನಂದು. ಅವರು ಫೋಟೋ ನೋಡಿ, ಮೇಣದಬತ್ತಿ ನೋಡಿ ಸತ್ರು ಅಂದ್ಕೊಂಡ್ರು. ನನಗೆ ಗೊತ್ತಿತ್ತು. ಸುಮ್ಮನಿದ್ದೆ."

ಅಳು ಅರ್ಧದಲ್ಲಿ ನಿಂತಿತು. ಹಂದಿಯೊಂದು ಮಾತ್ರ ಗುರುಗುಟ್ಟಿತು.

ಓರಿಸ್ಯಾ ಜಗಲಿಯ ಮೆಟ್ಟಿಲಿನ ಮೇಲೆ ಕುಸಿದು ಕೂತಳು. ಮೇಣದಬತ್ತಿಯನ್ನು ತೋರಿಸಿ, ಮೂರು ಕಾಲಿನ ತೇತುಂನಲ್ಲಿ ಹೇಳಿದಳು: "ನಮ್ಮ ಚರ್ಚಿನಲ್ಲಿ ಎರಡು ಜಾಗ ಇದೆ. ಸತ್ತವರ ಬತ್ತಿ ಬೇರೆ ಜಾಗ. ಬದುಕಿರೋರ ಬತ್ತಿ ಬೇರೆ ಜಾಗ. ಇದು ಬದುಕಿರೋರದ್ದು. ಆರೋಗ್ಯ ಇರಲಿ ಅಂತ. ಕಪ್ಪು ಬಟ್ಟೆ... ಬೇರೆ ಬಟ್ಟೆ ಒಗೆದಿಲ್ಲ. ನೀರು ಇಲ್ಲ." ಆಮೇಲೆ ಅವಳಿಗೆ ನಗು ಬಂತೋ ಅಳು ಬಂತೋ, ಭುಜ ಅಲುಗತೊಡಗಿತು. "ನೀವು ನನ್ನ ಅಮ್ಮನಿಗೆ ಸೌತೆಕಾಯಿ ಹೆಚ್ಚಿದಿರಿ!"

ಒಲಾಂದಿನಾ ಸೀದಾ ಲಿಬೋರಿಯೊನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡ, ಯಾವ ಕೆನ್ನೆ ಕೊಡಬೇಕೆಂದೂ ಯೋಚಿಸಿದ. "ಗೊತ್ತಿದ್ದೂ ಸುಮ್ನಿದ್ಯಾ? ಇರೋರಿಗೆ ಗುಂಡಿ ತೋಡಿಸ್ತಿದ್ಯಲ್ಲೋ! ಯಾಕೆ?"

"ಅವಳು ಲಿಸ್ಬನ್ನಿಗೆ ಒಂದು ಫೋನ್ ಮಾಡಿ ಅಂದಿದ್ಲು, ತಾಯಿ ಹೆಸರು ಬಸ್ಸಿನ ಪಟ್ಟಿಗೆ ಸೇರಿಸೋಕೆ," ಎಂದ ಲಿಬೋರಿಯೊ. ತನ್ನ ಬೂಟಿನ ತುದಿ ನೋಡುತ್ತಿದ್ದ. ಆಸ್ಟ್ರೇಲಿಯಾದವನಿಗೆ ಕೈಗಡಿಯಾರವಾದರೂ ಇತ್ತು. "ಸತ್ತಿದ್ರೆ ಫೋನ್ ಮಾಡೋದು ಬೇಕಿರಲಿಲ್ಲ."

ಹೇಳಿದ ಮೇಲೆ ಅದು ಅಷ್ಟು ಚಿಕ್ಕದಾಗಿತ್ತು. ಇಡೀ ದಿನದ, ಇಡೀ ಮೂವತ್ತೈದು ವರ್ಷದ ತಿರುಳು ಒಂದು ವಾಕ್ಯ. ಕರವಸ್ತ್ರಕ್ಕೆ ಅಲ್ಲಿ ಜಾಗವಿರಲಿಲ್ಲ.

"ಲಿಸ್ಬನ್ನಲ್ಲಿ ಈಗ ಎಷ್ಟು ಹೊತ್ತು?" ಎಂದಳು ಒಲಾಂದಿನಾ.

"ಬೆಳಗ್ಗೆ ಎಂಟು."

"ಎದ್ದಿರ್ತಾರೆ. ಮಾಡು."

"ಇಲ್ಲಾ... ಮನೆಗೆ ಹೋಗಿ..."

"ಇಲ್ಲೇ ಮಾಡು. ನಾವೂ ಕೇಳ್ತೀವಿ, ಹೊರಗಿನೋರು ಹೆಂಗೆ ಮಾತಾಡ್ತಾರೆ ಅಂತ."

ಸ್ಪೀಕರ್ ಹಾಕಿ ಮಾಡಿದ. ಎರಡನೆಯ ರಿಂಗಿಗೇ ಇಸಾಲ್ತಿನಾ ಎತ್ತಿದಳು. ಸುಮಾರು ಅರವತ್ತು ಜನ, ಒಂದು ಹಂದಿ ಉಸಿರು ಬಿಗಿಹಿಡಿದಿದ್ದರು. "ಲಿಬೋರಿಯೊ?" ಎಂದಿತು ಆ ದನಿ, ಒಂದು ಹುಬ್ಬು ಮೇಲಿರುವುದು ದನಿಯಲ್ಲೇ ಕಾಣಿಸಿತು. ಅವನು ನೇರ ಪಟ್ಟಿಯ ವಿಷಯಕ್ಕೆ ಬರಬೇಕೆಂದಿದ್ದ. ಬಾಯಿ ಬೇರೆ ಕಡೆ ತಿರುಗಿತು. "ಇಸಾಲ್ತಿನಾ, ಎಂಬತ್ತೇಳರ ಪೂಜೆ... ನನ್ನ ಅಮ್ಮ ಆಗ ಸತ್ತಿರಲಿಲ್ಲ. ನನಗೆ ಗೊತ್ತಿತ್ತು. ಚೀಟಿ ಜೇಬಲ್ಲಿತ್ತು."

ಆ ಕಡೆ ಕಾಫಿಯ ಚಮಚ ಬಟ್ಟಲಿಗೆ ತಗಲಿದ ಸದ್ದು.

"ನನಗೂ ಗೊತ್ತಿತ್ತು," ಎಂದಳು ಇಸಾಲ್ತಿನಾ. "ಆ ಪಾದ್ರಿ ಚೀಟಿನ ಮೊದಲು ನನಗೇ ತೋರಿಸಿದ್ದು."

"ಮತ್ತೆ ನೀನು ಯಾಕೆ..."

"ಗಾಯನ ತಂಡಕ್ಕೆ ಹೇಳಿ ಆಗಿತ್ತು. ಟೀವಿಯವರು ಬರ್ತೀವಿ ಅಂದಿದ್ರು. ನೀನು ಬಾಯಿ ಬಿಟ್ರೆ ನಿಲ್ಲಿಸೋಣ ಅಂತಿದ್ದೆ. ನೀನು ಬಿಡ್ಲಿಲ್ಲ. ನಾನು ಬಿಡ್ಲಿ ಅಂತ ನೀನು ಕಾದ್ಯೋ ಏನೋ. ವರ್ಷಾ ವರ್ಷಾ ಬರೀತಿದ್ನಲ್ಲ, ತಾಯಿ ಆತ್ಮ ಅಂತ. ಇವತ್ತು ತಿದ್ದುತಾನೆ, ನಾಳೆ ತಿದ್ದುತಾನೆ ಅಂತ ಬರೀತಿದ್ದೆ. ಸೋಮಾರಿ." ಚಮಚ ಇನ್ನೊಂದು ಸುತ್ತು ತಿರುಗಿತು. "ಚೆನ್ನಾಗಿದ್ರಾ ಆಮೇಲೆ?"

"ಒಂಬತ್ತು ವರ್ಷ ಟೀವಿ ನೋಡಿದ್ರು."

"ಒಳ್ಳೇದು. ಈಗ ಯಾಕೆ ಫೋನ್ ಮಾಡಿದ್ದು ಹೇಳು. ಇಲ್ಲಿ ನನಗೆ ಸಾವಿರ ಹೆಸರಿದೆ."

ಹೇಳಿದ. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ಅಯ್ಯೋ ಅನ್ನಲಿಲ್ಲ, ಕಳವಳವನ್ನೂ ವ್ಯಕ್ತಪಡಿಸಲಿಲ್ಲ. "ಭರವಸೆ ಕೊಡಲ್ಲ," ಎಂದಳು. "ಬಸ್ಸು ಹೋಗುತ್ತೋ ಇಲ್ಲವೋ ಅವರವರ ಬಂದೂಕಿಗೆ ಬಿಟ್ಟಿದ್ದು. ಪಟ್ಟಿಗೆ ಸೇರಿಸ್ತೀನಿ. ದಿನಾ ಇದೇ ಹೊತ್ತಿಗೆ ಫೋನ್ ಮಾಡು. ಮಾಡ್ತಾ ಇರೋರ ಹೆಸರು ಮೇಲಿರುತ್ತೆ, ಬಿಟ್ಟೋರದ್ದು ಕೆಳಗೆ ಹೋಗುತ್ತೆ. ಇದು ನಿಯಮ ಅಲ್ಲ, ಆದ್ರೆ ಆಗೋದು ಹಂಗೇ. ಈಗ ಹೆಸರು, ಬೀದಿ, ಯಾವ ಮೆಟ್ಟಿಲ ಕೆಳಗೆ. ಅಕ್ಷರ ಅಕ್ಷರ ಹೇಳು, ನಿಧಾನ."

ಓರಿಸ್ಯಾ ಎದ್ದು ಬಂದು ಅವನ ಪಕ್ಕ ನಿಂತಳು. ಅವಳು ಒಂದೊಂದೇ ಅಕ್ಷರ ಹೇಳಿದಳು, ಅವನು ಅದನ್ನೇ ಫೋನಿಗೆ ಹೇಳಿದ. ಮೊತ್ರೊನಾ ವೊವ್ಕುನ್. ಎಪ್ಪತ್ತೊಂಬತ್ತು ವರ್ಷ. ಬೇಕರಿಯ ಹಿಂದಿನ ಕಟ್ಟಡ. ಎರಡನೆಯ ಮೆಟ್ಟಿಲಸಾಲಿನ ಕೆಳಗಿನ ಕೋಣೆ. ನಡೆಯಲಾರಳು, ಹೊರಬೇಕು. ಕಿವಿ ಮಂದ, ಬಾಗಿಲು ಜೋರಾಗಿ ಬಡಿಯಬೇಕು. ಇಷ್ಟು ನಿಧಾನವಾಗಿ, ಇಷ್ಟು ಸಪ್ಪೆಯಾಗಿ ಅವನು ಯಾವ ಸಭೆಯಲ್ಲೂ ಮಾತಾಡಿರಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನ ಕುರ್ಚಿಗಳು ಮಾತ್ರ ಒಂದೊಂದಾಗಿ ಮುಂದಕ್ಕೆ ಜರುಗಿದವು.

ಫೋನಿಟ್ಟ ಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನತಾಲಿನೊ ಕೆಮ್ಮಿ ರಿಜಿಸ್ಟರು ತಿರುವಿದ. "ಒಂದು ತೊಂದರೆ ಇದೆ. ಬೀದಿಯಲ್ಲಿ ಡೇರೆ ಹಾಕೋಕೆ ನಮೂನೆ ತುಂಬಬೇಕು. ಸಾವಿಗೆ ಅಂತ ಬರೆದು ಏಳು ದಿನ ಅಂತ ತುಂಬಿದ್ದೆ. ಈಗ ಸಾವೇ ಇಲ್ಲ."

"ಕಾಯಿಲೆಯೋರ ಮನೇಲಿ ಕೂತ್ಕೊಳ್ಳಲ್ವಾ ನಾವು, ಕಣ್ಣಿಟ್ಟು ಕಾಯೋಕೆ? ಹಂಗೇ ಇದು," ಎಂದಳು ಒಲಾಂದಿನಾ. "ಕಾವಲು ಅಂತ ಬರಿ."

"ಬರೀತೀನಿ ತಿಯಾ. ಎಷ್ಟು ದಿನ ಅಂತ ಬರೀಲಿ?"

ಸತ್ತವರಿಗೆ ಲೆಕ್ಕವಿದೆ: ಏಳನೆಯ ದಿನಕ್ಕೆ ಹೂವು, ನಲವತ್ತನೆಯ ದಿನಕ್ಕೆ ಪೂಜೆ, ವರ್ಷಕ್ಕೆ ಕಪ್ಪು ಬಟ್ಟೆ ಕಳಚುವುದು. ಅಲ್ಲಿಗೆ ಮುಗಿಯಿತು, ಎಲ್ಲರೂ ಅವರವರ ಮನೆಗೆ ಹೋಗಬಹುದು. ಸತ್ತವರನ್ನು ಲೋಕ ಇಷ್ಟಪಡುವುದು ಅದಕ್ಕೇ ಇರಬೇಕೆಂದು ಲಿಬೋರಿಯೊನಿಗೆ ಅನ್ನಿಸಿತು. ಅದನ್ನು ಹೇಳಿಬಿಡೋಣವೆಂದು ಬಾಯಿ ತೆರೆದ. ಭಾಷಣದ ವಾಸನೆ ಬಂತು, ಮುಚ್ಚಿಕೊಂಡ.

"ಖಾಲಿ ಬಿಡು," ಎಂದ.

"ಖಾಲಿ ಬಿಟ್ರೆ ಸೀಲು ಹೊಡೆಯೋಕಾಗಲ್ಲ ಮಾವುನ್."

"ನಾಳೆ ಅಂತ ಬರಿ. ನಾಳೆ ಐದಕ್ಕೆ ಇನ್ನೊಂದು ನಮೂನೆ ತುಂಬೋಣ."

"ದಿನಾ?"

"ದಿನಾ."

ನತಾಲಿನೊ ಉಳಿದ ಕಾಗದಗಳನ್ನು ಬೆರಳಿನಿಂದ ಎಣಿಸಿ ನೋಡಿದ, ನಿಟ್ಟುಸಿರಿಟ್ಟು ಸೀಲು ಒತ್ತಿದ. ಒಲಾಂದಿನಾ ಹಂದಿಯ ಹಗ್ಗ ಬಿಚ್ಚಿ, "ಮುದುಕಿ ಹೊರಗೆ ಬಂದ ದಿನ ನೋಡ್ಕೋತೀನಿ ನಿನ್ನ" ಎಂದು ಅದರ ಬೆನ್ನಿಗೊಂದು ಗುದ್ದಿದಳು. ಯುದ್ಧ ಬೇಗ ಮುಗಿಯಬಾರದೆಂದು ಆ ಕೇರಿಯಲ್ಲಿ ಬಯಸಿದ್ದರೆ ಅದೊಂದೇ. ಹೆಂಗಸರು ಸಾವಿಗೆಂದು ತಂದಿದ್ದ ಮೇಣದಬತ್ತಿಗಳನ್ನು ಬುಟ್ಟಿಗೆ ಹಾಕಿ ಓರಿಸ್ಯಾಳ ಪಕ್ಕ ಇಟ್ಟರು. ಜಗಲಿಯ ಮೇಲಿನದು 'ಬದುಕಿರೋರ ಜಾಗ' ಹೌದಾ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅಷ್ಟರಲ್ಲಿ ಅಂಗಳದ ನಲ್ಲಿ ಕೆಮ್ಮಿತು, ಕಂದು ನೀರು ಉಗುಳಿತು. ಹನ್ನೆರಡು ಬಿಂದಿಗೆ ಒಮ್ಮೆಲೇ ಓಡಿದವು.

"ಕುದಿಸಿ!" ಎಂದು ಓರಿಸ್ಯಾ ಕೂತಲ್ಲಿಂದಲೇ ಕೂಗಿದಳು, ಮೂಗೊರೆಸಿಕೊಳ್ಳುತ್ತ. ಆಮೇಲೆ ಲಿಬೋರಿಯೊನ ಕಡೆ ತಿರುಗಿ ಅವನ ಕೆನ್ನೆಗಳನ್ನು ಮೊದಲ ಸಲ ನೋಡಿದಳು. "ಮಾವುನ್, ನೀರು ಬಂತು. ಹೋಗಿ, ಮುಗಿಸಿ."

"ಇರ್ಲಿ," ಎಂದ ಲಿಬೋರಿಯೊ, ಕುರ್ಚಿಯೊಂದನ್ನು ಜಗಲಿಯ ಹತ್ತಿರಕ್ಕೆ ಎಳೆದುಕೊಂಡು. "ನಾಳೆ ಫೋನ್ ಮಾಡೋದು ಮರೆತ್ರೆ ಕನ್ನಡಿ ಜ್ಞಾಪಿಸುತ್ತೆ."